ಒಂಬತ್ತನೇ ಗುಂಡಿ

ಕಂಡಕ್ಟರ್ ಏನೋ ಕೇಳಿದ. ಮಸ್ತಾನಸಾಬರು ‘ಹರಿಹರ, ಒಂದು’ ಎಂದರು. ಕಂಡಕ್ಟರ್ ಮತ್ತೆ ಏನೋ ಕೇಳಿದ. ಈ ಸಲ ಅವರು ಕಿವುಡನಿಗೆ ಹೇಳುವ ಹಾಗೆ ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ, ‘ಹ-ರಿ-ಹ-ರ’ ಎಂದರು. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ನಕ್ಕದ್ದು ಕೇಳಿಸಲಿಲ್ಲ; ಆಚೆ ಸಾಲಿನಲ್ಲಿ ಕೂತಿದ್ದ ಹೆಂಗಸು ಹಿಂದಕ್ಕೆ ತಿರುಗಿ ನೋಡಿ, ಆಮೇಲೆ ಇವರನ್ನು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಿದ್ದರಿಂದ ಗೊತ್ತಾಯಿತು. ಟಿಕೆಟ್ಟು ಆಗಲೇ ಕೈಯಲ್ಲಿತ್ತು. ಕಂಡಕ್ಟರ್ ಕೇಳಿದ್ದು ತೊಡೆಯ ಮೇಲಿನ ಗಂಟನ್ನು ಮೇಲೆ ಇಡಲೇ ಎಂದು. ಅವನು ಕೈ ಮಾಡಿ ತೋರಿಸಿದಾಗ ಮಸ್ತಾನಸಾಬರು ಗಂಟನ್ನು ಇನ್ನಷ್ಟು ಅಪ್ಪಿಕೊಂಡು ‘ಬ್ಯಾಡ ಬ್ಯಾಡ, ನಾಜೂಕು ಸಾಮಾನು’ ಎಂದರು. ದಾವಣಗೆರೆ ಬಿಟ್ಟು ಇನ್ನೂ ಒಂದು ಮೈಲಿ ಆಗಿರಲಿಲ್ಲ, ಆಗಲೇ ಬೆವೆತಿದ್ದರು. ಬಸ್ಸಿನವರೆಲ್ಲ ಈಗ ತಮ್ಮ ಬಗ್ಗೆಯೇ ಮಾತಾಡುತ್ತಿದ್ದಾರೆ ಎನ್ನಿಸಿತು. ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರೂ ಮೊಬೈಲು ನೋಡುತ್ತಿದ್ದರು.

ಎರಡು ವರ್ಷದಿಂದ ಲೋಕವೇ ಪಿಸುಗುಟ್ಟಲು ಶುರುಮಾಡಿತ್ತು. ಮೊದಲು ಅವರು ಮಂಡಕ್ಕಿ ಭಟ್ಟಿಯನ್ನು ಬೈದರು; ಓಣಿಯ ತುದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮರಳು ಹುರಿಯುವ ಸದ್ದಿನಲ್ಲಿ ಯಾರ ಮಾತು ಕೇಳೀತು. ಆಮೇಲೆ ಮಾತಾಡುವವರನ್ನು ಬೈದರು. ಈಗಿನವರು ತುಟಿ ಬಿಚ್ಚದೆ ಮಾತಾಡುತ್ತಾರೆ, ಅರ್ಧ ಮಾತು ಹಲ್ಲಿನಲ್ಲೇ ಉಳಿಯುತ್ತದೆ. ಹೆಂಡತಿ ಮಾಬೂಬೀಯ ಮಾತು ಕೇಳಿಸದಿದ್ದಾಗ ಮಾತ್ರ ಬೈಯಲಿಲ್ಲ, ನಲವತ್ತು ವರ್ಷದಲ್ಲಿ ಸಿಕ್ಕ ಮೊದಲ ರಜೆ ಎಂದು ತಮಾಷೆ ಮಾಡಿದರು. ಮಗ ಅತೀಕ್ ಒಂದು ದಿನ ಒತ್ತಾಯ ಮಾಡಿ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಗಾಜಿನ ಕೋಣೆಯೊಳಗೆ ಕೂರಿಸಿ ಕಿವಿಗೆ ಏನೋ ತೊಡಿಸಿದ ಹುಡುಗಿ, ಸದ್ದು ಕೇಳಿದಾಗಲೆಲ್ಲ ಬೆರಳು ಎತ್ತಿರಿ ಎಂದಳು. ಅರವತ್ತಾರು ವರ್ಷ ಒಬ್ಬರಿಗೂ ಮೋಸ ಮಾಡದ ಮನುಷ್ಯ ಅಲ್ಲಿ ಕೂತು ಗಾಜಿನಾಚೆ ಅವಳ ಮೊಣಕೈ ಅಲುಗುವುದನ್ನು ನೋಡಿ ನೋಡಿ ಬೆರಳು ಎತ್ತಿದರು. ಆದರೂ ಕಾಗದದ ಮೇಲಿನ ಗೆರೆ ಕೆಳಕ್ಕೇ ಇಳಿದಿತ್ತು. ಮಷೀನು ಹಾಕಿಸಿಕೊಳ್ಳಿ ಎಂದರು ಡಾಕ್ಟರು. ಬೇಡವೆಂದರು ಇವರು. ಹಾರ್ಮೋನಿಯಂಗೆ ಸ್ವರ ಕೂಡಿಸುವವನ ಕಿವಿಯಲ್ಲಿ ಮಷೀನು ಕಂಡರೆ ಬೋಳುತಲೆಯವನು ಬಾಚಣಿಕೆ ಮಾರಿದ ಹಾಗಾಗುತ್ತದೆ. ಆನಗೋಡಿನ ಭಜನೆಯವರು, ಮಾಯಕೊಂಡದ ಕವಾಲಿಯವರು, ಯಾರೇ ಆಗಲಿ ಪೆಟ್ಟಿಗೆ ಕೆಟ್ಟರೆ ‘ಪೆಟ್ಟಿಗೆ ಮಸ್ತಾನಸಾಬ್ರ ಹತ್ರ ಒಯ್ರಿ, ಆ ಮನುಷ್ಯನ ಕಿವಿ ಅಂದ್ರೆ ಕಿವಿ’ ಎನ್ನುತ್ತಿದ್ದರು. ಕೈಯ ಬಗ್ಗೆ ಯಾರೂ ಹೇಳುತ್ತಿರಲಿಲ್ಲ.

ಈಗ ತೊಡೆಯ ಮೇಲೆ ಮಗ್ಗುಲುಹಾಸಿನಲ್ಲಿ ಸುತ್ತಿಕೊಂಡು ಮಲಗಿದ್ದ ಬ್ಯಾಂಜೋವನ್ನು ಎಬ್ಬಿಸಿ ಕೂರಿಸಿದ್ದು ಮಾತ್ರ ಆ ಕೈಯೇ. ಬ್ಯಾಂಜೋ ಎಂದರೆ ಈ ಕಡೆ ಭಜನೆಗೆ, ಕವಾಲಿಗೆ ಬಾರಿಸುವ ಬ್ಯಾಂಜೋ: ಮೊಳದುದ್ದದ ಮರದ ಪೆಟ್ಟಿಗೆ, ಮೇಲೆ ತಂತಿ, ತಂತಿಯ ಮೇಲೆ ಟೈಪ್‌ರೈಟರಿನಂತೆ ಎರಡು ಸಾಲು ಗುಂಡಿ. ಎಡಗೈಯಿಂದ ಗುಂಡಿ ಒತ್ತಿದರೆ ಅದರ ಕೆಳಗಿನ ಕಬ್ಬಿಣದ ಪಟ್ಟಿ ತಂತಿಯನ್ನು ಕಚ್ಚುತ್ತದೆ, ಬಲಗೈ ಮೀಟಿದರೆ ಸ್ವರ ಬರುತ್ತದೆ. ಹರಿಹರದ ಬಟ್ಟೆ ವ್ಯಾಪಾರಿ ತೋಟಪ್ಪನವರದು ಇದು, ಅವರ ಅಪ್ಪ ಮುಂಬಯಿಯಿಂದ ತಂದದ್ದು. ಇಪ್ಪತ್ತು ವರ್ಷ ಅಟ್ಟದ ಮೇಲೆ ಬಿದ್ದಿತ್ತು. ಅಂಗಡಿಯನ್ನು ಮಗ ಕೊಟ್ಟೂರೇಶನಿಗೆ ಬಿಟ್ಟುಕೊಟ್ಟ ಮೇಲೆ ತೋಟಪ್ಪನವರಿಗೆ ಮತ್ತೆ ಬಾರಿಸುವ ಆಸೆ ಹುಟ್ಟಿತ್ತು. ಯುಗಾದಿ ಕಳೆದ ವಾರ ಕೊಟ್ಟೂರೇಶ ಅದನ್ನು ಗೊಬ್ಬರದ ಚೀಲದಲ್ಲಿ ತಂದು ಇಳಿಸಿದಾಗ ಒಳಗಿನಿಂದ ಜಿರಲೆಯ ಒಂದು ಸಂಸಾರವೇ ಹೊರಬಿತ್ತು. ಮಾಬೂಬೀ ಹಿಡಿಸೂಡಿ ಹಿಡಿದು ಬಂದವಳು ‘ಜಿರಲೆಗಾದ್ರೂ ಮನೆ ಇತ್ತು, ಅದನ್ನೂ ಕೆಡಿಸಿದ್ರಿ’ ಎಂದಿದ್ದಳು. ಅದೊಂದು ಮಾತು ಚೆನ್ನಾಗಿ ಕೇಳಿಸಿತ್ತು.

ಆ ಎರಡು ತಿಂಗಳು ಅವರು ಸುಖವಾಗಿದ್ದರು. ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ತುಕ್ಕು ಕೆರೆದು, ಗುರುತು ತಪ್ಪದ ಹಾಗೆ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಸಾಲಾಗಿ ಇಟ್ಟರು. ಸತ್ತ ಸ್ಪ್ರಿಂಗುಗಳ ಬದಲು ಸೈಕಲ್ಲಿನ ಕಡ್ಡಿಗೆ ತಂತಿ ಸುತ್ತಿ ಹೊಸದು ಮಾಡಿದರು. ಕಾಣೆಯಾದ ನಾಲ್ಕು ಗುಂಡಿಗೆ ಕೋರ್ಟಿನ ಹತ್ತಿರದ ಗುಜರಿಯಲ್ಲಿ ಹಳೆಯ ಟೈಪ್‌ರೈಟರು ಹುಡುಕಿದರು. ಹುಳ ತಿಂದ ಮೂಲೆಗೆ ಹುಣಸೆ ಮರದ ತುಂಡು ಕೂಡಿಸಿ, ಸಂದು ಕಾಣದ ಹಾಗೆ ಉಜ್ಜಿ, ಅರಗಿನ ಪಾಲಿಷನ್ನು ಆರು ಸಲ ಎಳೆದರು. ಕಿವಿಗೆ ಇದರಲ್ಲಿ ಕೆಲಸವೇ ಇರಲಿಲ್ಲ. ಕೈ ತಾನಾಗಿ ಹೋಗುತ್ತಿತ್ತು, ಅವರು ಅದರ ಹಿಂದೆ ಮಗುವಿನ ಹಾಗೆ ಹೋಗುತ್ತಿದ್ದರು. ಕಡೆಗೆ ಹೊಸ ತಂತಿ ಬಿಗಿದು ಮೀಟಿದ ದಿನ ದಪ್ಪ ತಂತಿಯ ಸದ್ದು ರಜಾಯಿ ಹೊದ್ದುಕೊಂಡು ಬಂದಂತೆ ಬಂತು. ಸಣ್ಣ ತಂತಿಯದು ಬರಲೇ ಇಲ್ಲ. ಬೆರಳಿಗೆ ಅದು ನಡುಗುವುದು ತಾಗುತ್ತಿತ್ತು, ಅಷ್ಟೇ. ಪೆಟ್ಟಿಗೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೀಟಿದರು. ಅದು ಅವರ ಉಸ್ತಾದರು ಹೇಳಿಕೊಟ್ಟ ಉಪಾಯ, ಗದ್ದಲದಲ್ಲೂ ಮರ ಮೂಳೆಗೆ ಹೇಳುತ್ತದೆ ಎಂದು. ಮರ ಏನೋ ಹೇಳಿತು. ಏನೆಂದು ತಿಳಿಯಲಿಲ್ಲ.

ಮೊಮ್ಮಗಳು ನಿಖತ್ ಕಾಲೇಜಿನಿಂದ ಬಂದವಳು ನೋಡುತ್ತ ನಿಂತಿದ್ದಳು. ಮೊಬೈಲು ತೆಗೆದು ಪೆಟ್ಟಿಗೆಯ ಮೇಲೆ ಇಟ್ಟಳು. ಪರದೆಯ ಮೇಲೆ ಒಂದು ಮುಳ್ಳು. ಸ್ವರ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಇಂಥದ್ದನ್ನು ಇಟ್ಟುಕೊಂಡ ಹುಡುಗರನ್ನು ಮಸ್ತಾನಸಾಬರು ಹಿಂದೆ ‘ಅಪ್ಪನ ಮಖ ನೋಡೋಕೂ ಫೋಟೋ ಕೇಳ್ತೀರೇನ್ರೋ’ ಎಂದು ಆಡಿಕೊಂಡಿದ್ದರು. ಈಗ ಬಾಯಿ ಮುಚ್ಚಿಕೊಂಡು ಮುಳ್ಳು ನೋಡಿದರು. ಎಲ್ಲ ಗುಂಡಿಯೂ ಹೆಚ್ಚು ಕಮ್ಮಿ ಹಸಿರಿಗೆ ಬಂತು. ಒಂಬತ್ತನೆಯದು ಮಾತ್ರ ಕೆಂಪಿನಲ್ಲೇ ನಿಂತಿತು, ತುಸು ಕೆಳಗೆ. ಬಗ್ಗಿ ನೋಡಿದರೆ ಅದರ ಪಟ್ಟಿಯ ತುದಿ ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು. ‘ಯಾವನೋ ಕತ್ತೆ ಕೈ ಆಡಿಸ್ಯಾನೆ ನೋಡು’ ಎಂದರು. ನಿಖತ್ ನಕ್ಕಳು. ಇಕ್ಕಳದಲ್ಲಿ ಪಟ್ಟಿಯನ್ನು ನೆಟ್ಟಗೆ ಮಾಡಿದರು, ಮುಳ್ಳು ಹಸಿರಾಯಿತು. ಯಾರೋ ದೊಡ್ಡವರು ಬೆನ್ನು ತಟ್ಟಿದಷ್ಟು ಸಮಾಧಾನವಾಯಿತು. ಆ ರಾತ್ರಿ ಚೆನ್ನಾಗಿ ಉಂಡರು.

ಆದರೆ ತೋಟಪ್ಪನವರ ಕಿವಿ ಮೊಬೈಲಲ್ಲ. ಹರಿಹರದಲ್ಲಿ ಇಳಿದು ಬಸ್ ನಿಲ್ದಾಣದಿಂದ ಗುಡಿ ಬೀದಿಯ ಕಡೆ ನಡೆಯುವಾಗ ಮಸ್ತಾನಸಾಬರು ಎರಡು ಸಲ ನಿಂತರು, ಸುಸ್ತಾಗಿ ಅಲ್ಲ. ಒಂದು ಸಲ ಹೂವಿನ ಅಂಗಡಿಯ ಮುಂದೆ, ಒಂದು ಸಲ ಸುಮ್ಮನೆ. ಈ ಬೀದಿಗೆ ಮೊದಲು ಬಂದಾಗ ಮೀಸೆ ಕಪ್ಪಗಿತ್ತು, ಹೆಗಲ ಚೀಲದಲ್ಲಿ ಉಸ್ತಾದರು ಕೊಟ್ಟ ಇಕ್ಕಳವಿತ್ತು, ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಇಲ್ಲಿಯವರೆಗೆ ಕೇಳುತ್ತಿತ್ತು. ಈಗಲೂ ಒಗೆಯುತ್ತಿರಬಹುದು.

‘ಬರ್ರೀ ಬರ್ರೀ, ಕೂಡ್ರಿ!’ ಎಂದರು ತೋಟಪ್ಪನವರು ಪಡಸಾಲೆಯಿಂದಲೇ. ಅಂಗಡಿಯಲ್ಲಿ ಗಿರಾಕಿ ಕೂಗಿ ಕೂಗಿ ದಪ್ಪಗಾದ ಗಂಟಲು ಅವರದು. ಮಸ್ತಾನಸಾಬರಿಗೆ ಈ ಮನೆಯಲ್ಲಿ ಪೂರ್ತಿ ಕೇಳುವ ದನಿ ಅದೊಂದೇ, ಆ ಧೈರ್ಯದ ಮೇಲೇ ಬಂದಿದ್ದರು. ಸೊಸೆ ರಶ್ಮಿತಾ ಚಹಾ ತಂದಿಟ್ಟು ಏನೋ ಕೇಳಿದಳು. ‘ಆರಾಮ ಐತಮ್ಮ’ ಎಂದರು. ಅವಳು ಸಕ್ಕರೆ ಹಾಕಲೇ ಎಂದು ಕೇಳಿದ್ದಿರಬೇಕು, ಚಮಚ ಹಿಡಿದು ಒಂದು ಗಳಿಗೆ ನಿಂತು ಒಳಗೆ ಹೋದಳು. ಚಹಾ ಸಪ್ಪಗಿತ್ತು. ಅವರು ಅದನ್ನೇ ಕುಡಿದರು.

ತೋಟಪ್ಪನವರು ಗಂಟು ಬಿಚ್ಚಿದರು. ಪಾಲಿಷಿನ ಮೇಲೆ ಅಂಗೈ ಆಡಿಸಿದರು. ಹುಣಸೆ ಮರದ ತೇಪೆ ಎಲ್ಲಿದೆ ಎಂದು ಉಗುರಿನಲ್ಲಿ ಹುಡುಕಿ ಸೋತರು. ‘ಮಸ್ತಾನಸಾಬ್ರೇ, ಇದು ನಮ್ಮಪ್ಪ ತಂದ ದಿನಾನೂ ಹಿಂಗಿರಲಿಲ್ಲ’ ಎಂದರು. ಆಮೇಲೆ ತೊಡೆಯ ಮೇಲಿಟ್ಟುಕೊಂಡು ಬಾರಿಸಿದರು. ಮಸ್ತಾನಸಾಬರು ಕೇಳಲಿಲ್ಲ, ಮುಖ ನೋಡಿದರು. ಈಚೆಗೆ ಅವರು ಮುಖ ಓದುವುದರಲ್ಲಿ ಪಳಗಿದ್ದರು: ತೋಟಪ್ಪನವರ ಹುಬ್ಬು, ಬಾಗಿಲಲ್ಲಿ ನಿಂತ ರಶ್ಮಿತಾಳ ಕಣ್ಣು, ಎಲ್ಲಾದರೂ ಒಂದು ಸುಕ್ಕು ಬಿತ್ತೇ. ಬೀಳಲಿಲ್ಲ. ತೋಟಪ್ಪನವರು ತಲೆದೂಗಿದರು, ಕಣ್ಣು ತುಂಬಿಕೊಂಡಿತು. ಪಾಸಾದೆ ಎಂದುಕೊಂಡರು ಮಸ್ತಾನಸಾಬರು, ಈ ವಯಸ್ಸಿನಲ್ಲಿ, ನಾಚಿಕೆಯಿಲ್ಲದೆ.

‘ಏ, ಇವಳೇ, ಬಾ ಇಲ್ಲಿ. ನಿಮ್ಮವ್ವನ ಪದ ಹೇಳು’ ಎಂದು ತೋಟಪ್ಪನವರು ಒಳಕ್ಕೆ ಕೂಗಿದರು. ಹೆಂಡತಿ ಕಸ್ತೂರಮ್ಮ ನಡುಮನೆಯ ಬಾಗಿಲಿಗೆ ಬಂದರು, ಹೊಸ್ತಿಲು ದಾಟಲಿಲ್ಲ. ಹೊರಗಿನವರ ಮುಂದೆ ಕೂತು ಹಾಡುವ ರೂಢಿ ಆ ಮನೆಯ ಹಿರಿಯ ಹೆಂಗಸರಿಗೆ ಇರಲಿಲ್ಲ. ಮಸ್ತಾನಸಾಬರಿಗೆ ನಮಸ್ಕಾರ ಮಾಡಿ, ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು, ಕಣ್ಣು ನೆಲಕ್ಕೆ ಹಾಕಿ ಹಾಡಿದರು. ತುಟಿ ಅಲುಗುತ್ತಿತ್ತು. ತೋಟಪ್ಪನವರ ಎಡಗೈ ಗುಂಡಿಯಿಂದ ಗುಂಡಿಗೆ ಹೋಗುತ್ತಿತ್ತು. ಒಂದು ಕಡೆ ಕಸ್ತೂರಮ್ಮನ ತುಟಿ ತೆರೆದೇ ನಿಂತಿತು. ಮತ್ತೆ ಮೊದಲಿನಿಂದ ಹೇಳಿದರು. ಮತ್ತೆ ಅದೇ ಕಡೆ ನಿಂತರು. ಮೆಲ್ಲಗೆ ಏನೋ ಅಂದರು.

‘ಕೇಳಿದ್ರೇನ್ರಿ ಮಸ್ತಾನಸಾಬ್ರೇ? ಪೆಟ್ಟಿಗೆ ಒಂದೀಟು ಮ್ಯಾಲೆ ಐತಂತೆ!’ ತೋಟಪ್ಪನವರು ಹೊಟ್ಟೆ ಅಲುಗಿಸಿ ನಕ್ಕರು. ‘ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತೆ. ಕಟ್ಟಿದೋರು ಯಾರು ಅಂತ ನೋಡಿ ಮಾತಾಡು. ಜಿಲ್ಲಾದಾಗೆ ಇಂಥ ಕಿವಿ ಎಲ್ಲೈತೆ?’

ಮಸ್ತಾನಸಾಬರೂ ನಕ್ಕರು. ನಗುವುದು ಸುಲಭವಾಗಿತ್ತು, ಮುಂದಿನವರು ನಕ್ಕಾಗ ನಗುವುದನ್ನು ಎರಡು ವರ್ಷದಿಂದ ರೂಢಿ ಮಾಡಿಕೊಂಡಿದ್ದರು. ಕಸ್ತೂರಮ್ಮ ನಗಲಿಲ್ಲ. ಕೈಯನ್ನು ಗಂಟಲಿಗೆ ಒಯ್ದು, ಅಲ್ಲಿ ಏನೋ ಕಳೆದುಹೋದವರ ಹಾಗೆ ಮುಟ್ಟಿ ನೋಡಿಕೊಂಡು, ಇನ್ನೊಂದು ಮಾತು ಹೇಳಿದರು. ಅದನ್ನೂ ತೋಟಪ್ಪನವರೇ ಸಾರಿದರು: ‘ಗಂಟ್ಲು ಹೋತಂತೆ. ವಯಸ್ಸಾತು, ಇನ್ನೇನು ಪದ ಅಂತಾಳೆ. ಹೋಗ್ಲಿ ಬಿಡು, ನಾನು ಬಾರಿಸ್ತೀನಿ, ನೀ ಕೇಳು.’ ಹಾಗೆಂದು ಆ ಸ್ವರವನ್ನು ಹೆಂಡತಿಗೆ ತೋರಿಸಲು ಬೆರಳಿನಿಂದ ಕುಟ್ಟಿದರು. ಮಸ್ತಾನಸಾಬರು ಬೆರಳು ನೋಡಿದರು. ಒಂಬತ್ತನೆಯದು.

ಇದೇ ಪಡಸಾಲೆ. ತೋಟಪ್ಪನವರ ಮದುವೆಯಾದ ಹೊಸತು, ಆಗ ಗೋಡೆಗೆ ಸುಣ್ಣವಿತ್ತು. ಯಾರೋ ಹಾರ್ಮೋನಿಯಂ ಮೇಷ್ಟ್ರು ಬಂದು ಹೋಗಿ, ನಿಮ್ಮ ಹೆಂಡತಿ ಆ ಒಂದು ಜಾಗದಲ್ಲಿ ಬೇಸೂರು, ತಿದ್ದಿ ಎಂದು ಹೇಳಿದ್ದರು; ಹೊಸ ಸೊಸೆ ಕಸ್ತೂರಮ್ಮ ಅಂದಿನಿಂದ ಹಾಡುವುದನ್ನೇ ಬಿಟ್ಟಿದ್ದಳು. ತೋಟಪ್ಪನವರು ಕೇಳಿದ್ದು ತಂತಿ ಬದಲಿಸಿ ಎಂದು ಮಾತ್ರ. ಕಪ್ಪು ಮೀಸೆಯ ಮಸ್ತಾನ ತಂತಿ ಬಿಗಿಯುತ್ತ ಕೂತಿದ್ದಾಗ ಅಡಿಗೆಮನೆಯಿಂದ ರೊಟ್ಟಿ ತಟ್ಟುವ ಸದ್ದಿನ ಜೊತೆಗೆ, ಯಾರೂ ಕೇಳುತ್ತಿಲ್ಲ ಎಂದುಕೊಂಡ ದನಿಯೊಂದು ಬಂತು. ಆ ಪದ ಆ ಜಾಗಕ್ಕೆ ಬಂದಾಗ ಯಾವ ಪೆಟ್ಟಿಗೆಯಲ್ಲೂ ಇಲ್ಲದ ಒಂದು ಕಡೆ, ಎರಡು ಸ್ವರದ ನಡುವೆ, ಮೆಲ್ಲಗೆ ಕೂತು ಎದ್ದು ಹೋಗುತ್ತಿತ್ತು. ಅವಳ ಅವ್ವನೂ ಅಲ್ಲೇ ಕೂತಿರಬೇಕು, ಅವ್ವನ ಅವ್ವನೂ. ಮಸ್ತಾನ ಪೆಟ್ಟಿಗೆಯ ಅಂಚನ್ನು ಕಚ್ಚಿಕೊಂಡು, ಉಸಿರು ಹಿಡಿದು, ಒಂದು ಮಧ್ಯಾಹ್ನವೆಲ್ಲ ಒಂಬತ್ತನೇ ಗುಂಡಿಯ ಪಟ್ಟಿಯನ್ನು ಎಳೆ ಎಳೆಯಾಗಿ ಬಗ್ಗಿಸಿದ್ದ. ‘ಪದ ತಿದ್ದಬ್ಯಾಡ್ರಿ ಯಜಮಾನ್ರೇ, ಪೆಟ್ಟಿಗೆ ತಿದ್ದೀನಿ’ ಎಂದಿದ್ದ. ಅಂಥ ಮಾತು ಆಮೇಲೆ ಜೀವಮಾನದಲ್ಲಿ ಇನ್ನೊಂದು ಆಡಿದ ನೆನಪಿಲ್ಲ. ಮರೆತಿದ್ದರು. ತೋಟಪ್ಪನವರೂ ಮರೆತಿದ್ದರು, ಅವರಿಗೆ ನೆನಪಿದ್ದದ್ದು ಕಿವಿ ಒಳ್ಳೆಯದು ಎಂಬುದಷ್ಟೇ. ಕತ್ತೆ ಯಾರೆಂದು ಈಗ ಮಸ್ತಾನಸಾಬರಿಗೆ ಗೊತ್ತಾಯಿತು.

ಇದು ದೊಡ್ಡ ವಿಷಯವೇನಲ್ಲ ಎಂದುಕೊಂಡರು. ಅರವತ್ತು ದಾಟಿದ ಗಂಟಲು ಇವತ್ತಲ್ಲ ನಾಳೆ ಹೋಗುವುದೇ. ಯಾರಿಗೂ ನಷ್ಟವಿಲ್ಲ. ಹೇಳಿದರೆ ಏನಾಗುತ್ತದೆ? ತೋಟಪ್ಪನವರ ಬಾಯಿಗೆ ಬಿದ್ದ ಮಾತು ಸಂಜೆಯೊಳಗೆ ಅಂಗಡಿ ಸಾಲಿಗೆ ಹೋಗುತ್ತದೆ, ಸೋಮವಾರದ ಭಜನೆಗೆ ಹೋಗುತ್ತದೆ, ಅಲ್ಲಿಂದ ಆನಗೋಡಿಗೆ, ಮಾಯಕೊಂಡಕ್ಕೆ. ಪೆಟ್ಟಿಗೆ ಮಸ್ತಾನ ಕಿವುಡನಂತೆ. ಪಾಪ. ಆ ‘ಪಾಪ’ ಇದೆಯಲ್ಲ, ಅದು ಕೇಳಿಸದಿದ್ದರೂ ಕಾಣುತ್ತದೆ. ಅವರು ಎದ್ದರು. ಊಟ ಮಾಡಿಕೊಂಡು ಹೋಗಿ ಎಂದರು ತೋಟಪ್ಪನವರು. ಮನೆಯಲ್ಲಿ ಕಾಯುತ್ತಿದ್ದಾರೆ ಎಂದು ಸುಳ್ಳು ಹೇಳಿ ಹೊರಗಿನ ಕಟ್ಟೆಗೆ ಬಂದು ಚಪ್ಪಲಿ ಮೆಟ್ಟಿದರು.

ಕಿಟಕಿ ತೆರೆದಿತ್ತು. ಒಳಗೆ ತೋಟಪ್ಪನವರು ಎಳೆ ಮಗುವಿಗೆ ಕಲಿಸುವ ಹಾಗೆ ಆ ಒಂದೇ ಗುಂಡಿಯನ್ನು ಕುಟ್ಟುತ್ತಿದ್ದರು. ‘ಇಲ್ಲಿಗೆ ಬಾ, ಇಲ್ಲಿಗೆ’ ಎನ್ನುತ್ತಿದ್ದರು. ಕಸ್ತೂರಮ್ಮ ಬಾಗಿಲಲ್ಲೇ ನಿಂತು ಗದ್ದ ಎತ್ತಿ, ಹಿಮ್ಮಡಿ ಎತ್ತಿ, ಕೈಗೆ ನಿಲುಕದ ಡಬ್ಬಿಯನ್ನು ಗೂಡಿನಿಂದ ತೆಗೆಯುವವರಂತೆ ಮೇಲಕ್ಕೆ ನೋಡುತ್ತಿದ್ದರು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ತೋಟಪ್ಪನವರು ತೊಡೆ ತಟ್ಟಿ ‘ಹಾಂ! ಈಗ ಬಂತು ನೋಡು!’ ಎಂದು ಕೂಗಿದರು. ಕಸ್ತೂರಮ್ಮ ಸಣ್ಣಗೆ, ತಪ್ಪು ತಿದ್ದಿಕೊಂಡವರ ಹಾಗೆ ನಕ್ಕರು.

ಅದನ್ನು ಮಾತ್ರ ಮಸ್ತಾನಸಾಬರಿಗೆ ತಡೆದುಕೊಳ್ಳಲು ಆಗಲಿಲ್ಲ. ಬೈದಿದ್ದರೆ ಸಹಿಸುತ್ತಿದ್ದರು. ಕಸ್ತೂರಮ್ಮ ಕಲಿತುಬಿಟ್ಟರಲ್ಲ. ಇನ್ನು ಸಾಯುವವರೆಗೆ ಹಾಗೇ ಹಾಡುತ್ತಾರೆ, ರಶ್ಮಿತಾ ಅದನ್ನೇ ಕೇಳಿಸಿಕೊಳ್ಳುತ್ತಾಳೆ. ಚಪ್ಪಲಿ ಬಿಟ್ಟು ಒಳಗೆ ಬಂದರು.

‘ಅಮ್ಮಾ, ನಿಮ್ಮ ಗಂಟ್ಲು ಸರಿ ಐತೆ’ ಎಂದರು. ‘ನನ್ನ ಕಿವಿ ಹೋಗೈತೆ.’

‘ಏನಂದ್ರಿ?’ ಎಂದರು ತೋಟಪ್ಪನವರು. ಬ್ಯಾಂಜೋದ ತಂತಿ ಇನ್ನೂ ಮಿಡಿಯುತ್ತಿತ್ತೋ ಏನೋ, ಅವರಿಗೆ ಕೇಳಿರಲಿಲ್ಲ. ಒಂದು ಸಲ ಹೇಳುವುದಕ್ಕೇ ಎರಡು ವರ್ಷ ಹಿಡಿದ ಮಾತನ್ನು ಈಗ ಎರಡನೆಯ ಸಲ, ಇನ್ನೂ ಜೋರಾಗಿ, ಬೀದಿಗೆ ಕೇಳುವ ಹಾಗೆ ಹೇಳಬೇಕಾಯಿತು. ‘ನಂಗೆ ಕೇಳ್ಸಲ್ರಿ. ಎರಡು ವರ್ಷಾತು. ಇದನ್ನ ಮೊಮ್ಮಗಳ ಮೊಬೈಲ್ ಇಟ್ಕೊಂಡು ಕೂಡ್ಸೀನಿ. ಹಿಂದೆ ಅಮ್ಮಾರ ಪದಕ್ಕಂತ ನಾನೇ ಬಗ್ಸಿ ಕೊಟ್ಟಿದ್ದೆ. ಈಗ ನಾನೇ ನೆಟ್ಟಗೆ ಮಾಡಿ ಕೆಡ್ಸೀನಿ. ನೆಲಾನೇ ಡೊಂಕು.’

ತೋಟಪ್ಪನವರ ಮುಖದಲ್ಲಿ ಮೊದಲು ನಗು ಬಂದು, ನಿಂತು, ಹೋಯಿತು. ಅವರು ಬ್ಯಾಂಜೋ ನೋಡಿದರು, ಹೆಂಡತಿಯನ್ನು ನೋಡಿದರು, ಮೂವತ್ತೆಂಟು ವರ್ಷದ ಸಂಸಾರದಲ್ಲಿ ಬಹುಶಃ ಮೊದಲ ಸಲ ದನಿ ತಗ್ಗಿಸಿ ಏನೋ ಅಂದರು. ಮಸ್ತಾನಸಾಬರಿಗೆ ಕೇಳಿಸಲಿಲ್ಲ. ಅದು ಬೈಗುಳವೋ ಆ ‘ಪಾಪ’ವೋ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನ್ನಿಸಲಿಲ್ಲ. ‘ಕೊಡ್ರಿ ಇಲ್ಲಿ’ ಎಂದು ನೆಲದ ಮೇಲೆ ಕೂತು ಮುಚ್ಚಳ ತೆಗೆದರು. ಜೇಬಿನಿಂದ ಇಕ್ಕಳ ಹೊರಬಂತು.

‘ಪದ ಹೇಳ್ರಿ ಅಮ್ಮ. ಪೆಟ್ಟಿಗೆ ಕಡೆ ನೋಡಬ್ಯಾಡ್ರಿ, ಮೊದಲು ಹೆಂಗೆ ಹೇಳ್ತಿದ್ರೋ ಹಂಗೇ ಹೇಳ್ರಿ. ನಾನು ಒಂದೊಂದು ಎಳೆ ಬಗ್ಗಸ್ತೀನಿ, ಯಜಮಾನ್ರು ಮೀಟ್ಲಿ. ಕೂಡದಿದ್ರೆ ಬ್ಯಾಡ ಅನ್ರಿ. ಬಾಯಿ ಕಾಣೋ ಹಂಗೆ ಅನ್ರಿ.’

ಕಸ್ತೂರಮ್ಮ ಒಂದು ಗಳಿಗೆ ಹೊಸ್ತಿಲಲ್ಲೇ ನಿಂತಿದ್ದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ದಾಟಿ ಬಂದು, ಅವರ ಎದುರಿಗೇ, ಬೆಳಕು ಮುಖದ ಮೇಲೆ ಬೀಳುವಲ್ಲಿ, ಕಾಲು ಮಡಚಿ ಕೂತರು. ಹಾಡಿದರು. ತೋಟಪ್ಪನವರು ಬಗ್ಗಿ ಗುಂಡಿ ಒತ್ತಿ ಮೀಟಿದರು. ಬ್ಯಾಡ ಎಂದಿತು ಕಸ್ತೂರಮ್ಮನ ಬಾಯಿ. ಇಕ್ಕಳ ಒಂದು ಎಳೆ ಎಡಕ್ಕೆ ಹೋಯಿತು. ಬ್ಯಾಡ. ಇನ್ನೊಂದು ಎಳೆ. ಹೆಚ್ಚಾಯಿತು ಎಂದು ತೋಟಪ್ಪನವರೇ ಕೈ ಮಾಡಿದರು, ಅರ್ಧ ಎಳೆ ಹಿಂದಕ್ಕೆ ಬಂತು. ಬ್ಯಾಡ. ರಶ್ಮಿತಾ ಒಲೆ ಆರಿಸಿ ಬಂದು ಬಾಗಿಲಲ್ಲಿ ಕೂತಳು. ಎಷ್ಟು ಸಲ ಆಯಿತೋ ಲೆಕ್ಕವಿರಲಿಲ್ಲ, ಕುತ್ತಿಗೆ ಹಿಡಿದುಕೊಂಡಿತ್ತು, ಬೆವರು ಪಟ್ಟಿಯ ಮೇಲೆ ಬೀಳದ ಹಾಗೆ ತೋಳಿನಲ್ಲಿ ಒರೆಸಿಕೊಂಡು ಮಸ್ತಾನಸಾಬರು ಮತ್ತೆ ಅಲುಗಿಸಿದರು, ಅಲುಗಿಸಿದರೋ ಇಲ್ಲವೋ ತಮಗೇ ತಿಳಿಯದಷ್ಟು, ಮತ್ತೆ ತಲೆ ಎತ್ತಿ ಆ ಬಾಯಿಯನ್ನೇ ನೋಡಿದರು. ಅದು ಬ್ಯಾಡ ಎನ್ನಲಿಲ್ಲ.

‘ಬಂತೇನ್ರಿ ಅಮ್ಮ?’ ಎಂದು ಕೇಳಿದರು.

ಕಸ್ತೂರಮ್ಮ ಕಣ್ಣು ಮುಚ್ಚಿಕೊಂಡು ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದರು.